ಸಂಕ್ರಾಂತಿ ಬಂದರೂ ಸೇವಂತಿಗೆ ಅರಳಿಲ್ಲ, ಏಕೆ?

ಪ್ರಶ್ನೆ: ನಾವು ಧಾರವಾಡದವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಎರಡನೇ ಮಾಳಿಗೆಯ ಬಾಲ್ಕನಿಯಲ್ಲಿ ಹಳದಿ ಸೇವಂತಿಗೆಯ ಐದು ಕುಂಡಗಳಿವೆ, ಎಲ್ಲವೂ ತವರುಮನೆಯ ಗಿಡದ ಮರಿಗಳು. ಅಲ್ಲಿ ಅಣ್ಣನ ಅಂಗಳದಲ್ಲಿ ದೀಪಾವಳಿ ಹೊತ್ತಿಗೆ ಗಿಡದ ತುಂಬ ಹೂವು. ನಮ್ಮಲ್ಲಿ ಗಿಡ ಸೊಂಟದೆತ್ತರ ಬೆಳೆದಿದೆ, ಎಲೆ ಕಡುಹಸಿರು, ಆದರೆ ಸಂಕ್ರಾಂತಿ ಕಳೆದರೂ ಹೂವಿಲ್ಲ. ಒಂದೆರಡು ತುದಿಯಲ್ಲಿ ಗುಂಡಿಯಂಥದ್ದು ಕಂಡು ಅಲ್ಲಿಗೇ ನಿಂತುಬಿಟ್ಟಿದೆ. ಜಾಗ ಸಾಲದೆ ಅಡುಗೆಮನೆ ಹಿಂದಿನ ಡ್ರೈ ಬಾಲ್ಕನಿಯಲ್ಲಿಟ್ಟ ಆರನೆಯ ಕುಂಡ ಮಾತ್ರ ನವೆಂಬರಿನಲ್ಲೇ ಅರಳಿತು. ಅದಕ್ಕೆ ಬಿಸಿಲೂ ಕಡಿಮೆ, ಆರೈಕೆಯೂ ಕಡಿಮೆ. ಸೊಸೈಟಿಯ ಮಾಳಿ ಗೊಬ್ಬರ ಸಾಲದು ಅಂತ ಎರಡು ಸಲ ಡಿಎಪಿ ಹಾಕಿಸಿದ. ಇನ್ನೊಂದು ವಿಷಯ. ಮಗ ಟೊರಾಂಟೊದಲ್ಲಿದ್ದಾನೆ. ಅವನ ಮನೆ ಮಾಲೀಕ ಹಿತ್ತಲಲ್ಲಿ ಗಾಂಜಾ ಗಿಡ ಹಾಕಿದ್ದನಂತೆ, ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲವಂತೆ. ಆಗಸ್ಟ್ ಮುಗಿದರೂ ಹೂ ಬಿಡಲಿಲ್ಲ, ಬಿಡುವ ಹೊತ್ತಿಗೆ ಹಿಮ ಬಿದ್ದು ಕರಿಕಾಯಿತಂತೆ. ‘ಅಮ್ಮಾ, ನಿನ್ನ ಸೇವಂತಿಗೆ ರೋಗವೇ ಇದಕ್ಕೂ’ ಅಂತ ಮಗ ನಗುತ್ತಾನೆ. ನಿಜಕ್ಕೂ ಎರಡಕ್ಕೂ ಸಂಬಂಧ ಇದೆಯೇ?

ಉತ್ತರ: ಅಕ್ಕಾವ್ರೆ, ನಿಮ್ಮ ಮಗ ನಗೆಯಾಡುತ್ತಲೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಎರಡೂ ಗಿಡದ ಒಳಗಿರುವ ಗಡಿಯಾರ ಒಂದೇ ಜಾತಿಯದು. ಅಲ್ಲಿ ಅದನ್ನು ತಡ ಮಾಡಿದ್ದು ಊರಿನ ಅಕ್ಷಾಂಶ. ನಿಮ್ಮಲ್ಲಿ ತಡ ಮಾಡಿದ್ದು, ನನ್ನ ಅಂದಾಜು ಸರಿಯಿದ್ದರೆ, ಬೀದಿದೀಪ.

ಆ ಆರನೆಯ ಕುಂಡವನ್ನೇ ನೋಡಿ. ಅದೇ ತಾಯಿಗಿಡದ ಮರಿ, ಅದೇ ಮನೆ, ಅದೇ ಹವೆ, ಬಿಸಿಲು ಉಳಿದವಕ್ಕಿಂತ ಕಡಿಮೆ. ಆದರೂ ಅರಳಿತು. ಅಂದಮೇಲೆ ತಳಿಯದ್ದಾಗಲಿ ಹವೆಯದ್ದಾಗಲಿ ತಪ್ಪಲ್ಲ, ಬಿಸಿಲಿನ ಕೊರತೆಯಂತೂ ಅಲ್ಲವೇ ಅಲ್ಲ. ಹಗಲಿನಲ್ಲಿ ಕಾರಣ ಸಿಗದಿದ್ದಾಗ ರಾತ್ರಿಯಲ್ಲಿ ಹುಡುಕಬೇಕು. ಮುಂದಿನ ಬಾಲ್ಕನಿ ರಸ್ತೆಗೆ ಮುಖ ಮಾಡಿದೆಯೇ, ದೀಪದ ಕಂಬ ಎಷ್ಟು ಹತ್ತಿರ ಎಂದು ನೀವು ಬರೆದಿಲ್ಲ. ಕಂಬ ಇದೆ ಎಂದೇ ನಾನು ಪಂತ ಕಟ್ಟುತ್ತೇನೆ. ಎರಡನೇ ಮಾಳಿಗೆಯೆಂದರೆ ಹೆಚ್ಚುಕಡಿಮೆ ದೀಪದ ತಲೆಯ ಮಟ್ಟವೇ. ಡ್ರೈ ಬಾಲ್ಕನಿ ಸಾಮಾನ್ಯವಾಗಿ ಡಕ್ಟಿನ ಕಡೆಗೋ ಪಕ್ಕದ ಕಟ್ಟಡದ ಬೆನ್ನಿಗೋ ಇರುತ್ತದೆ. ಅಡುಗೆಮನೆಯ ದೀಪ ಆರಿತೆಂದರೆ ಅಲ್ಲಿ ಕಗ್ಗತ್ತಲು.

ಸೇವಂತಿಗೆ ಹೂ ಬಿಡುವ ಕಾಲವನ್ನು ತಿಳಿಯುವುದು ರಾತ್ರಿಯ ಉದ್ದದಿಂದ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತದೆ. ಪಠ್ಯಪುಸ್ತಕದಲ್ಲಿ ಇಂಥವನ್ನು ಹ್ರಸ್ವದಿನ ಸಸ್ಯ ಎನ್ನುತ್ತಾರೆ. ಗಾಂಜಾ, ಸೋಯಾ, ಡಿಸೆಂಬರಿನಲ್ಲಿ ನರ್ಸರಿಗಳ ಮುಂದೆ ಕೆಂಪಾಗಿ ನಿಲ್ಲುವ ಪಾಯಿನ್‌ಸೆಟಿಯಾ, ನಮ್ಮ ಕಲಬುರಗಿ ಕಡೆಯ ಹಳೇ ತೊಗರಿ ತಳಿಗಳು ಎಲ್ಲ ಇದೇ ಗುಂಪು. ತೊಗರಿಯನ್ನು ತಡವಾಗಿ ಬಿತ್ತಿದರೆ ಗಿಡ ಗಿಡ್ಡಗಿರುವಾಗಲೇ ಹೂ ಬಿಡುತ್ತದೆಂದು ರೈತರಿಗೆ ಗೊತ್ತೇ ಇದೆ. ಅದರ ಲೆಕ್ಕ ವಯಸ್ಸಿನದಲ್ಲ, ಕ್ಯಾಲೆಂಡರಿನದು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಇದನ್ನೇ ಸೋಯಾ ಮತ್ತು ತಂಬಾಕಿನಲ್ಲಿ ತೋರಿಸಿಕೊಟ್ಟರು. ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ವಾರಗಳ ಅಂತರದಲ್ಲಿ ಬಿತ್ತುತ್ತ ಹೋದರೂ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೂ ಬಿಟ್ಟವು. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕು ಬೇಸಿಗೆಯುದ್ದಕ್ಕೂ ಆಳೆತ್ತರ ಬೆಳೆಯುತ್ತಲೇ ಇರುತ್ತಿತ್ತು. ಪ್ರತಿದಿನ ಮಧ್ಯಾಹ್ನದ ಮೇಲೆ ಕತ್ತಲ ಕೊಟ್ಟಿಗೆಗೆ ಸೇರಿಸಿ ಹಗಲನ್ನು ಮೊಟಕು ಮಾಡಿದಾಗ ಅದೂ ಮೊಗ್ಗು ಕಟ್ಟಿತು.

ಇಲ್ಲಿ ಗಾಂಜಾಕ್ಕೂ ಒಂದು ಹಿರಿತನ ಇದೆ. ಗಾರ್ನರ್, ಅಲಾರ್ಡ್ ಅವರಿಗಿಂತ ಮೊದಲೇ, 1912ರ ಸುಮಾರಿಗೆ, ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಗಾಂಜಾ ಜಾತಿಯ ನಾರಿನ ಗಿಡ ಮತ್ತು ಅದರ ದಾಯಾದಿಯಾದ, ಬಿಯರಿಗೆ ಬಳಸುವ ಹಾಪ್ಸ್ ಬಳ್ಳಿಯ ಮೇಲೆ ಕೆಲಸ ಮಾಡುತ್ತಿದ್ದ. ಮೊಳಕೆ ಒಡೆದಾಗಿನಿಂದ ಕೆಲವೇ ಗಂಟೆ ಬೆಳಕು ಕೊಟ್ಟರೆ ಎಳೇ ಸಸಿಗಳೇ ಹೂ ಬಿಡುವುದನ್ನು ಕಂಡ. ಹಗಲು ಚಿಕ್ಕದಾಗುವುದಕ್ಕಿಂತ ರಾತ್ರಿ ದೊಡ್ಡದಾಗುವುದೇ ಇದಕ್ಕೆ ಕಾರಣ ಎಂದೂ ಬರೆದ. ಮೊದಲ ಮಹಾಯುದ್ಧದಲ್ಲಿ ಸತ್ತುಹೋದ, ಆ ಮಾತು ಮುಂದುವರಿಯಲಿಲ್ಲ. ಹೊಲದಲ್ಲಿ ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕಳೆಗಿಡ ಕ್ಸಾಂಥಿಯಂ ಇದೆಯಲ್ಲ, ಅದರ ಮೇಲೆ ಹ್ಯಾಮ್ನರ್ ಮತ್ತು ಬಾನರ್ 1938ರಲ್ಲಿ ಪ್ರಯೋಗ ಮಾಡಿ ಅದನ್ನು ಗಟ್ಟಿ ಮಾಡಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಆ ಗಿಡಕ್ಕೆ ಏನೂ ಅನ್ನಿಸುವುದಿಲ್ಲ. ಉದ್ದನೆಯ ರಾತ್ರಿಯ ನಡುವೆ ಕೆಲವು ನಿಮಿಷ ದೀಪ ಹಚ್ಚಿದರೆ ಮಾತ್ರ ಹೂವೇ ಇಲ್ಲ. ಹದಿಮೂರು ಗಂಟೆಯ ರಾತ್ರಿಯನ್ನು ನಡುವೆ ಮುರಿದರೆ ಗಿಡಕ್ಕೆ ಅದು ಎರಡು ಚಿಕ್ಕ ರಾತ್ರಿ. ಬೀದಿದೀಪದ ಕೆಳಗಂತೂ ರಾತ್ರಿಯೇ ಆಗುವುದಿಲ್ಲ.

ರಾತ್ರಿಯನ್ನು ಗುರುತಿಸುವುದು ಎಲೆ. ಎಲೆಯೊಳಗೆ ಫೈಟೋಕ್ರೋಮ್ ಎಂಬ ಬಣ್ಣದ ವಸ್ತುವಿದೆ. 660 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಕೆಂಪು ಬೆಳಕು ತಾಗಿದರೆ ಅದು ಒಂದು ರೂಪ ತಾಳುತ್ತದೆ. ಕತ್ತಲಲ್ಲಿ ಬಿಟ್ಟರೆ ಮೆಲ್ಲಗೆ ಮೊದಲಿನ ರೂಪಕ್ಕೆ ಮರಳುತ್ತದೆ. ಹಳೇ ಸೋಡಿಯಂ ದೀಪದ ಕಿತ್ತಳೆ ಬೆಳಕಿನಲ್ಲೂ ಈಗಿನ ಬಿಳಿ ಎಲ್‌ಇಡಿಯಲ್ಲೂ ಅದನ್ನು ಕೆಣಕುವಷ್ಟು ಕೆಂಪು ಇದ್ದೇ ಇದೆ, ಹಾಗಾಗಿ ದೀಪ ಬದಲಾಯಿಸಿದ್ದಾರೆ ಎಂದು ನೆಮ್ಮದಿಪಡಬೇಡಿ. ಸೇವಂತಿಗೆಯ ಬಗ್ಗೆ 2013ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡುಹಿಡಿದರು. ಸಂಜೆಗತ್ತಲಾದ ಮೇಲೆ ಇಂತಿಷ್ಟು ಹೊತ್ತಿಗೆ ಎಂಬ ಒಂದು ಗಳಿಗೆ ಇದೆ. ಆಗ ಬೆಳಕು ಬಿದ್ದರೆ ಎಲೆ ಹೂವನ್ನು ತಡೆಯುವ ವಸ್ತುವನ್ನೇ ತಯಾರಿಸಿ ತುದಿಗೆ ಕಳಿಸುತ್ತದೆ. ಅಂದರೆ ನಿಮ್ಮ ಗಿಡ ಹೂ ಬಿಡಲು ಮರೆತಿಲ್ಲ. ಇನ್ನೂ ಬೇಸಿಗೆ ಎಂದುಕೊಂಡು ಬೇಕೆಂತಲೇ ತಡೆದುಕೊಂಡಿದೆ.

‘ಇಷ್ಟು ಮಂಕು ಬೆಳಕಿಗೆ ಇಷ್ಟೆಲ್ಲ ಆಗುತ್ತದೆಯೇ’ ಎಂದು ಬಹಳ ಜನ ಕೇಳುತ್ತಾರೆ. ಆಗುತ್ತದೆ. ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ರಾತ್ರಿ ಚಿಕ್ಕಬಳ್ಳಾಪುರ ದಾಟಿದವರು ಹೊಲದ ತುಂಬ ಸಾಲುಸಾಲು ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಜಾತ್ರೆಯಲ್ಲ, ಅವು ಸೇವಂತಿಗೆ ಹೊಲ. ರೈತರು ಬೇಕೆಂದೇ ರಾತ್ರಿ ದೀಪ ಉರಿಸಿ ಗಿಡ ಮೊಗ್ಗು ಕಟ್ಟದಂತೆ ತಡೆಯುತ್ತಾರೆ. ಕಡ್ಡಿ ಉದ್ದ ಬೆಳೆದ ಮೇಲೆ, ಯಾವ ಹಬ್ಬದ ಮಾರುಕಟ್ಟೆಗೆ ಹೂ ಬೇಕೋ ಅದಕ್ಕೆ ಎಣಿಸಿ ದೀಪ ಆರಿಸುತ್ತಾರೆ. ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಬೆಳೆಯುವವರು ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಎರಡರವರೆಗೆ ಸುಮಾರು 100 ಲಕ್ಸ್ ಬೆಳಕು ಕೊಡುತ್ತಾರೆ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ). ಕರೆಂಟು ಉಳಿಸಬೇಕೆಂದರೆ ಆ ಹೊತ್ತಿನಲ್ಲಿ ಅರ್ಧ ಗಂಟೆಗೆ ಕೆಲವೇ ನಿಮಿಷ ಹಚ್ಚಿ ಆರಿಸಿದರೂ ಗಿಡ ಮೋಸ ಹೋಗುತ್ತದೆ. ಪಾರ್ಕಿಂಗಿನಲ್ಲಿ ಬೈಕು ಬಂದಾಗೊಮ್ಮೆ ತಾನಾಗಿ ಹೊತ್ತಿಕೊಳ್ಳುವ ಸೆನ್ಸರ್ ದೀಪ ನೆನಪಿಸಿಕೊಳ್ಳಿ. ಬೀದಿದೀಪದ ಬೆಳಕು ಪಾಲಿಹೌಸಿನಷ್ಟು ಪ್ರಖರವಲ್ಲ, ಆದರೆ ಅದು ಮುಸ್ಸಂಜೆಯಿಂದ ಬೆಳಗಿನವರೆಗೆ ಒಂದು ರಾತ್ರಿಯೂ ತಪ್ಪದೆ ಬೀಳುತ್ತದೆ. ಹುಣ್ಣಿಮೆಯ ಬಗ್ಗೆ ಹೆದರಬೇಡಿ, ಅದು ಒಂದು ಲಕ್ಸಿನ ಕಾಲುಭಾಗವೂ ಕಷ್ಟ.

ಈಗ ಆ ಗುಂಡಿಯ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಾಲು ಅದು. ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಒಂಟಿ ಮೊಗ್ಗು, ಹಸಿರು, ಗಟ್ಟಿ. ಅದರ ಬುಡದಲ್ಲಿ ಅಂಚು ಸೀಳದ, ಪಟ್ಟಿಯಂತೆ ಉದ್ದನೆಯ ಎಲೆಗಳು. ಸೇವಂತಿಗೆಯ ಮಾಮೂಲಿ ಸೀಳೆಲೆಯ ಹಾಗೆ ಇರುವುದಿಲ್ಲ. ಆ ಎಲೆಗಳ ಸಂದಿನಿಂದ ಎರಡು ಮೂರು ಹೊಸ ಕವಲು ಎದ್ದು ಮೊಗ್ಗನ್ನು ಮೀರಿ ಬೆಳೆಯುತ್ತಿರುತ್ತವೆ. ಹೂ ಬೆಳೆಗಾರರು ಇದಕ್ಕೆ ಕ್ರೌನ್ ಬಡ್ ಎನ್ನುತ್ತಾರೆ. ಸೇವಂತಿಗೆಗೆ ಎರಡು ಹಂತದ ಲೆಕ್ಕವಿದೆ. ಬಹಳಷ್ಟು ತಳಿಗಳು ಹಗಲು ಸುಮಾರು 14.5 ಗಂಟೆಗಿಂತ ಕಡಿಮೆಯಾದಾಗ ಮೊಗ್ಗು ಹಿಡಿಯುತ್ತವೆ, ಆದರೆ ಆ ಮೊಗ್ಗು ಬೆಳೆದು ಅರಳಬೇಕಾದರೆ ಹಗಲು 13.5 ಗಂಟೆಗಿಂತ ಕೆಳಗಿಳಿಯಬೇಕು. ಮೊದಲ ಹಂತ ದಾಟಿ ಎರಡನೆಯದರಲ್ಲಿ ಸಿಕ್ಕಿಬಿದ್ದ ಮೊಗ್ಗು ಅದು. ಗೊಬ್ಬರ ಸಾಲದ ಗಿಡದಲ್ಲಿ ಹೀಗಾಗುವುದಿಲ್ಲ. ಕತ್ತಲು ಅರೆಬರೆ ಸಿಕ್ಕ ಗಿಡದಲ್ಲಿ ಆಗುತ್ತದೆ.

ಇದೇ ಲೆಕ್ಕದಿಂದ ಧಾರವಾಡದ ಪ್ರಶ್ನೆಯೂ ತೀರುತ್ತದೆ. ಪುಣೆ ಉತ್ತರಕ್ಕಿದೆ, ಅದಕ್ಕೇ ತಡವೇ ಎಂದು ನಿಮಗೆ ಅನ್ನಿಸಿರಬಹುದು. ಪುಣೆಯ ಅತಿ ಉದ್ದದ ಹಗಲು ಜೂನಿನಲ್ಲಿ ಸುಮಾರು 13 ಗಂಟೆ 13 ನಿಮಿಷ, ಧಾರವಾಡದ್ದು ಅದಕ್ಕಿಂತ ಹತ್ತು ಹನ್ನೆರಡು ನಿಮಿಷ ಕಮ್ಮಿ. ಅಕ್ಟೋಬರ್ ನಡುವಿಗೆ ಬಂದರೆ ಎರಡೂ ಊರಿನಲ್ಲಿ ಹಗಲು ಹನ್ನೆರಡು ಗಂಟೆಗಿಂತ ಕೆಳಗೆ, ವ್ಯತ್ಯಾಸ ನಾಲ್ಕೈದು ನಿಮಿಷ. ಮುಂಜಾವು, ಮುಸ್ಸಂಜೆಯ ನಸುಬೆಳಕನ್ನು ಸೇರಿಸಿದರೂ ಪುಣೆಯ ಸೆಪ್ಟೆಂಬರ್ ರಾತ್ರಿ ಸೇವಂತಿಗೆಗೆ ಸಾಕಷ್ಟು ಉದ್ದ. ಅಣ್ಣನ ಅಂಗಳದಲ್ಲಿ ರಾತ್ರಿ ದೀಪ ಆರುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಆರುವುದಿಲ್ಲ. ವ್ಯತ್ಯಾಸ ಅಷ್ಟೇ.

ಬೀದಿದೀಪದ ಜೊತೆಗೆ ನಮ್ಮ ಹಬ್ಬಗಳೂ ಸೇರಿಕೊಳ್ಳುತ್ತವೆ. ಗಣಪತಿಗೆ ಹತ್ತು ದಿನ ಮಂಟಪದ ಫೋಕಸ್ ದೀಪ, ನವರಾತ್ರಿಗೆ ಸೀರಿಯಲ್ ಸೆಟ್ಟು. ಎಲ್ಲಕ್ಕಿಂತ ಕೆಟ್ಟದ್ದು ಆಕಾಶಬುಟ್ಟಿ. ಪುಣೆಯಲ್ಲಿ ದೀಪಾವಳಿಗೆ ಕಟ್ಟಿದ ಆಕಾಶಬುಟ್ಟಿಯನ್ನು ತುಳಸಿಲಗ್ನ ಮುಗಿಯುವವರೆಗೂ ಇಳಿಸದ ಮನೆಗಳು ಎಷ್ಟೋ. ಅದನ್ನು ತೂಗುಹಾಕುವುದು ಎಲ್ಲಿ? ಬಾಲ್ಕನಿಯ ನಡುವೆ, ನೇರ ಕುಂಡಗಳ ನೆತ್ತಿಯ ಮೇಲೆ. ಮೊಗ್ಗು ಬೆಳೆಯುವ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಉಪದ್ರವ ಇನ್ನೊಂದಿಲ್ಲ. ಆಕಾಶಬುಟ್ಟಿ ಬೇಡ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಮನೆಯಲ್ಲಿ ಮಕ್ಕಳು ಕೇಳುವುದೂ ಇಲ್ಲ. ಕುಂಡಗಳನ್ನು ಆ ತಿಂಗಳು ಬೇರೆಡೆ ಸರಿಸಿ. ಒಣಗಿದ ಬಟ್ಟೆ ತೆಗೆಯಲು ಎರಡು ನಿಮಿಷ ಬಾಲ್ಕನಿಯ ಲೈಟು ಹಾಕಿದ್ದಕ್ಕೆಲ್ಲ ಚಿಂತೆ ಮಾಡಬೇಕಿಲ್ಲ, ಸೇವಂತಿಗೆ ಕ್ಸಾಂಥಿಯಂನಷ್ಟು ನಾಜೂಕಲ್ಲ.

ಅಕ್ಟೋಬರ್ ಹೀಟ್ ಕೂಡ ಸ್ವಲ್ಪ ಪಾಲು ಕೇಳುತ್ತದೆ. ರಾತ್ರಿ ಸಾಕಷ್ಟು ಉದ್ದವಿದ್ದರೂ ಸೆಖೆ ಬಹಳವಾದರೆ ಸೇವಂತಿಗೆ ಮೊಗ್ಗು ನಿಧಾನ ಮಾಡುತ್ತದೆ. ಪುಣೆಯ ರಾತ್ರಿ ತಂಪು, ಹಾಗಾಗಿ ನಿಮಗೆ ಇದು ಒಂದೆರಡು ವಾರದ ಮಾತು. ಸಂಕ್ರಾಂತಿಯವರೆಗೆ ಎಳೆಯುವುದಿಲ್ಲ. ಮುಂಬೈಯ ಕನ್ನಡಿಗರು ಇದನ್ನು ಓದುತ್ತಿದ್ದರೆ ಅವರಿಗೆ ಹೇಳುವ ಮಾತು ಬೇರೆ. ಸಮುದ್ರದ ಬದಿಯ ಬೆಚ್ಚನೆಯ ರಾತ್ರಿಯಲ್ಲಿ ದೀಪ ಆರಿಸಿದರೂ ಹೂ ತಡವೇ. ಪಶ್ಚಿಮದ ಬಿಸಿಲಿಗೆ ಕಾದ ಗೋಡೆಯಿಂದ ಕುಂಡವನ್ನು ದೂರವಿಡಿ, ಬೇರೇನೂ ಮಾಡಲಾಗದು. ದಾದರ್ ಮಾರುಕಟ್ಟೆಗೆ ಸೇವಂತಿಗೆ ಘಟ್ಟದ ಮೇಲಿನಿಂದ ಬರುವುದು ಸುಮ್ಮನೆ ಅಲ್ಲ.

ಮಾಳಿಯ ಡಿಎಪಿ ಬಗ್ಗೆ. ಅದರಲ್ಲಿ ನೂರಕ್ಕೆ 46 ಭಾಗ ರಂಜಕದ ಆಕ್ಸೈಡ್, 18 ಭಾಗ ಸಾರಜನಕ. ರಂಜಕ ಹಾಕಿದರೆ ಹೂ ಬರುತ್ತದೆ ಎಂಬ ನಂಬಿಕೆ ಊರೆಲ್ಲ ಇದೆ. ರಾತ್ರಿ ಮುರಿದ ಗಿಡಕ್ಕೆ ಅದನ್ನು ಸುರಿದರೆ ಎಲೆ ಇನ್ನಷ್ಟು ಕಪ್ಪಾಗುತ್ತದೆ, ಅಷ್ಟೇ. ಕಡುಹಸಿರು ಎಲೆ ಎಂದು ನೀವೇ ಬರೆದಿದ್ದೀರಿ, ಆ ಗಿಡ ಹಸಿದಿಲ್ಲ. ಮಾರ್ಚಿನವರೆಗೆ ಯಾವ ಗೊಬ್ಬರವೂ ಬೇಡ. ಕುಡಿ ಚಿವುಟುವುದನ್ನು ಮಾಳಿ ಯಾವಾಗ ನಿಲ್ಲಿಸಿದ ಎಂದೂ ಕೇಳಿ. ಕೆಲವರು ಗಿಡ ಗುಂಪಾಗಲಿ ಎಂದು ದಸರೆಯವರೆಗೂ ಚಿವುಟುತ್ತಲೇ ಇರುತ್ತಾರೆ. ಗಣಪತಿ ಮನೆಗೆ ಬಂದ ಮೇಲೆ ಸೇವಂತಿಗೆಯ ಕುಡಿಗೆ ಉಗುರು ತಾಗಿಸಬಾರದು.

ನನ್ನ ಮಾತನ್ನು ಸುಮ್ಮನೆ ನಂಬಬೇಕಿಲ್ಲ, ಪರೀಕ್ಷೆ ಸುಲಭ. ರಾತ್ರಿ ಹನ್ನೊಂದಕ್ಕೆ ಮನೆಯ ದೀಪವೆಲ್ಲ ಆರಿಸಿ ಕುಂಡದ ಪಕ್ಕ ದಿನಪತ್ರಿಕೆ ಹಿಡಿಯಿರಿ. ತಲೆಬರಹ ಮಾತ್ರವಲ್ಲ, ಸುದ್ದಿಯೂ ಓದಲು ಬರುತ್ತಿದ್ದರೆ ಆ ಜಾಗ ಸೇವಂತಿಗೆಗೆ ಹೇಳಿಸಿದ್ದಲ್ಲ. ಇನ್ನೂ ಖಚಿತ ಬೇಕೆಂದರೆ ಎರಡು ಕುಂಡ ಆರಿಸಿಕೊಂಡು ಒಂದನ್ನು ಇದ್ದಲ್ಲೇ ಬಿಡಿ, ಇನ್ನೊಂದಕ್ಕೆ ಸಂಜೆ ಆರಕ್ಕೆ ಫ್ರಿಜ್ಜಿನ ಖಾಲಿ ರಟ್ಟಿನ ಪೆಟ್ಟಿಗೆ ಮಗುಚಿ ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ. ಪೆಟ್ಟಿಗೆಯ ಸಂದುಗಳಿಗೆ ಅಗಲದ ಟೇಪು ಹಚ್ಚಿ, ಗಾಳಿಗೆ ಕೆಳಗೆ ಒಂದು ಇಟ್ಟಿಗೆಯಷ್ಟು ಎತ್ತರ ಬಿಟ್ಟು ಆ ಸುತ್ತಿಗೆ ಕಪ್ಪು ಬಟ್ಟೆ ಇಳಿಬಿಡಿ. ಆರಕ್ಕಿಂತ ಮೊದಲು ಮುಚ್ಚಿದರೆ ಬಿಸಿಲಿನ ಕಾವು ಒಳಗೇ ಉಳಿದು ಬೇರೆ ತಂಟೆ ಶುರುವಾಗುತ್ತದೆ. ಮೂರು ವಾರದ ಹೊತ್ತಿಗೆ ಮುಚ್ಚಿದ ಗಿಡದ ತುದಿಗಳಲ್ಲಿ ಒಂಟಿ ಗುಂಡಿಯ ಬದಲು ಸಣ್ಣಸಣ್ಣ ಮೊಗ್ಗಿನ ಗೊಂಚಲು ಕಾಣಬೇಕು. ಮೊಗ್ಗಿಗೆ ಬಣ್ಣ ಬರುವವರೆಗೂ ಮುಚ್ಚುವುದನ್ನು ಬಿಡಬೇಡಿ. ಊರಿಗೆ ಹೋಗಿ ವಾರ ತಪ್ಪಿಸಿದರೆ ಮತ್ತೆ ಕ್ರೌನ್ ಬಡ್ಡಿಗೇ ಬಂದು ನಿಲ್ಲುತ್ತೀರಿ.

ಇನ್ನು ಟೊರಾಂಟೊ. ಆ ಊರು 43 ಡಿಗ್ರಿ ಉತ್ತರ ದಾಟಿದೆ. ಜೂನಿನಲ್ಲಿ ಅಲ್ಲಿ ಹಗಲು ಸುಮಾರು ಹದಿನೈದೂವರೆ ಗಂಟೆ, ಮೇಲೆ ನಮಗಿಂತ ಉದ್ದನೆಯ ಮುಸ್ಸಂಜೆ ಬೇರೆ. ಹಗಲು 14 ಗಂಟೆಗಿಂತ ಕೆಳಗಿಳಿಯಲು ಆಗಸ್ಟ್ ನಡುವಾಗುತ್ತದೆ. ಗಾಂಜಾದ ಬಹಳಷ್ಟು ತಳಿಗಳು ಹೂವಿನ ಕಡೆ ಹೊರಳುವುದು ಆ ಸುಮಾರಿಗೆ. ಅಲ್ಲಿಂದ ಹೂ ಬಲಿಯಲು ಎರಡು ತಿಂಗಳಾದರೂ ಬೇಕು. ಅಕ್ಟೋಬರಿನಲ್ಲಿ ಹಿಮ ಕಾದು ಕೂತಿರುತ್ತದೆ. ಅದರಲ್ಲೂ ವಿಷುವದ್ರೇಖೆಯ ಹತ್ತಿರದ ಬೀಜವಾದರೆ ಕತೆ ಮುಗಿಯಿತು. ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸಿನಲ್ಲೇ ಇರುವ ನಾಡಿನ ಗಿಡ ಇನ್ನೂ ಉದ್ದನೆಯ ರಾತ್ರಿಗೆ ಕಾಯುತ್ತದೆ, ಹೂ ಬಲಿಯಲು ಇನ್ನೂ ಹೆಚ್ಚು ವಾರ ಕೇಳುತ್ತದೆ. ಅಲ್ಲಿ ದೋಷ ದೀಪದ್ದಲ್ಲ. ಗಿಡದ ಗಡಿಯಾರಕ್ಕೂ ಊರಿನ ಋತುವಿಗೂ ತಾಳೆಯಾಗಲಿಲ್ಲ.

ಇದಕ್ಕೆ ತಿರುಗಾಮುರುಗಾ ಕತೆಯೂ ಇದೆ. ಯುರೋಪಿನ ನಾರಿನ ತಳಿಗಳನ್ನು ದಕ್ಷಿಣಕ್ಕೆ ತಂದು ಬಿತ್ತಿದರೆ ಅವು ಗೇಣುದ್ದ ಇರುವಾಗಲೇ ಹೂ ಬಿಟ್ಟು, ನಾರು ಸಿಗದೆ ಹಾಳಾಗುತ್ತವೆ. ಬೇಸಿಗೆಯೇ ಮೊಟಕಾದ ಉತ್ತರದ ಸೀಮೆಯಲ್ಲಿ ಮಾತ್ರ ಗಿಡವೇ ದಾರಿ ಕಂಡುಕೊಂಡಿದೆ. 1924ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್ಸ್ಕಿ ಗಾಂಜಾದ ರುಡೆರಾಲಿಸ್ ಎಂಬ ಕಾಡುಬಗೆಯನ್ನು ವಿವರಿಸಿದ. ಅದು ಗಿಡ್ಡ, ಮತ್ತು ರಾತ್ರಿಯ ಲೆಕ್ಕ ಬಿಟ್ಟು ವಯಸ್ಸು ನೋಡಿ ಹೂ ಬಿಡುತ್ತದೆ. ಫಿನ್‌ಲ್ಯಾಂಡಿನಲ್ಲಿ ಎಣ್ಣೆಬೀಜಕ್ಕೆ ಬೆಳೆಸುವ ಫಿನೋಲಾ ತಳಿಯೂ ಇದೇ ಸ್ವಭಾವದ್ದು. ಆ ಮನೆ ಮಾಲೀಕನ ತಪ್ಪು ಬೀಜದ ಆಯ್ಕೆಯಲ್ಲಾಗಿದೆ, ಆರೈಕೆಯಲ್ಲಿ ಅಲ್ಲ ಎಂದು ಮಗನಿಗೆ ಹೇಳಿ.

ಕಾನೂನಿನ ಮಾತೂ ಒಂದು ಸಾಲು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಅನುಮತಿ ಇದೆ, ಟೊರಾಂಟೊ ಇರುವ ಒಂಟಾರಿಯೊದಲ್ಲಿ ಮನೆಗೆ ನಾಲ್ಕು ಗಿಡ. ಇಲ್ಲಿ 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಬೆಳೆಯುವುದು ಅಪರಾಧ. ಹತ್ತು ವರ್ಷದವರೆಗೆ ಜೈಲು, ಕುಂಡದಲ್ಲಿ ಬೆಳೆದರೂ ಅಷ್ಟೇ. ಮಗ ಬರುವಾಗ ತಮಾಷೆಗೆಂದು ಬೀಜ ತಂದಾನು, ಮೊದಲೇ ಹೇಳಿಡಿ.

ಬೀದಿದೀಪ ಆರಿಸಿರೆಂದು ಸೊಸೈಟಿಗೋ ಮಹಾನಗರಪಾಲಿಕೆಗೋ ಅರ್ಜಿ ಹಾಕುವ ಯೋಚನೆ ಬಿಡಿ, ರಾತ್ರಿ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಆ ಬೆಳಕು ಬೇಕು. ನಿಮ್ಮ ಕಡೆಗೆ ಬೀಳುವ ಬೆಳಕನ್ನು ಮರೆಮಾಡುವ ತಗಡು ಹಾಕಿಸಲು ಕೇಳಬಹುದು. ಎಲ್ಲಕ್ಕಿಂತ ಸುಲಭ, ಕುಂಡಗಳ ಜಾಗ ಬದಲಿಸುವುದು. ಗುಲಾಬಿ, ಮಲ್ಲಿಗೆ, ದಾಸವಾಳಕ್ಕೆ ರಾತ್ರಿಯ ಈ ಲೆಕ್ಕದ ಹಂಗಿಲ್ಲ, ಅವನ್ನು ರಸ್ತೆಯ ಕಡೆಗೆ ತನ್ನಿ. ಸೇವಂತಿಗೆ ಆಗಸ್ಟ್ ಕೊನೆಯವರೆಗೆ ಬಿಸಿಲಲ್ಲಿ ಬೆಳೆಯಲಿ. ಆಮೇಲೆ ರಾತ್ರಿ ಕತ್ತಲಿರುವ ಡ್ರೈ ಬಾಲ್ಕನಿಗೆ ಹೋಗಲಿ. ಅಲ್ಲಿ ಬಿಸಿಲು ತೀರಾ ಕಡಿಮೆಯೆಂದರೆ ಬೆಳಿಗ್ಗೆ ಹೊರಗೆ, ಸಂಜೆ ಒಳಗೆ. ಕುಂಡದ ಕೆಳಗೆ ಗಾಲಿಯ ತಟ್ಟೆ ಇಟ್ಟುಕೊಂಡರೆ ಸೊಂಟಕ್ಕೂ ಕ್ಷೇಮ.

ಈಗಿರುವ ಐದು ಗಿಡಗಳನ್ನು ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ್ದೇ. ಇವತ್ತಿನಿಂದ ಕತ್ತಲು ಕೊಟ್ಟರೆ ಅರಳುತ್ತವೆ, ಆದರೆ ತಳಿಯನ್ನು ನೋಡಿ ಎರಡು ತಿಂಗಳೋ ಹೆಚ್ಚೋ ಹಿಡಿಯುತ್ತದೆ. ಆಗ ಮಾರ್ಚಿನ ಬಿಸಿಲು, ಹೂ ಸಣ್ಣದಾಗಿ ಬೇಗ ಬಾಡುತ್ತದೆ. ಪರೀಕ್ಷೆಗೆಂದು ಒಂದನ್ನು ಮುಚ್ಚಿ, ಇನ್ನೊಂದನ್ನು ಹೋಲಿಕೆಗೆ ಬಿಡಿ, ಉಳಿದ ಮೂರನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿಬಿಡಿ. ಬುಡದಿಂದ ಮರಿ ಏಳುತ್ತವೆ. ಬೇಸಿಗೆಯಲ್ಲಿ ಅವನ್ನು ಅರೆನೆರಳಲ್ಲಿ ಉಳಿಸಿಕೊಂಡು, ಜೂನಿನಲ್ಲಿ ಮಳೆ ಹಿಡಿದ ಮೇಲೆ ಕುಡಿಗಳನ್ನು ಕತ್ತರಿಸಿ ಮರಳಲ್ಲಿ ಊರಿ ಬೇರು ಬರಿಸಿ. ಜುಲೈ ಕೊನೆಗೆ ಒಮ್ಮೆ ಚಿವುಟಿ, ಆಗಸ್ಟ್ ನಡುವಿಗೆ ಇನ್ನೊಮ್ಮೆ.